ಆರಡಿ ಟ್ಯಾಂಕಿಗೆ ಯಾವ ಟ್ಯಾಂಗ್ ಮೀನು?

ಕಾರವಾರದ ಗೆಳೆಯರೊಬ್ಬರು ಆರಡಿಯ ಉಪ್ಪುನೀರಿನ ಟ್ಯಾಂಕ್ ಇಟ್ಟಿದ್ದಾರೆ. ಅದರಲ್ಲಿ ಟ್ಯಾಂಗ್, ಅಂದರೆ ಹವಳದ ದಿಬ್ಬಗಳ ಚಪ್ಪಟೆ ಮೀನು, ಸಾಕಲು ಅವರ ಮುಂದೆ ಎರಡು ದಾರಿ.

ಮೊದಲನೆಯದು ಹಳದಿ, ನೀಲಿ, ಕೋಲೆ ಟ್ಯಾಂಗ್‌ಗಳನ್ನು ಒಟ್ಟಿಗೆ ಸಾಕುವುದು. ಟ್ಯಾಂಗ್‌ಗಳು ತಮ್ಮಂತೆ ಕಾಣುವ ಮೀನಿನ ಮೇಲೇ ಜಾಸ್ತಿ ಎರಗುತ್ತವೆ. ಈ ಮೂರರ ಆಕಾರ, ಬಣ್ಣ ಬೇರೆ, ಹಾಗಾಗಿ ಜಗಳ ಕಡಿಮೆ. ಕೋಲೆ ಗಾಜಿನ ಪಾಚಿಯನ್ನೂ ಕೆರೆದು ತಿನ್ನುತ್ತದೆ. ನೀಲಿ ಮಾತ್ರ 30 ಸೆಂಟಿಮೀಟರ್‌ವರೆಗೆ ಬೆಳೆಯುತ್ತದೆ. ಅಂಗಡಿಯಲ್ಲಿ ಬೆರಳುದ್ದ ಇದ್ದದ್ದನ್ನು ನೋಡಿ ಮರುಳಾಗಬೇಡಿ!

ಎರಡನೆಯದು, ಇವುಗಳ ಜೊತೆ ಪೌಡರ್ ಬ್ಲೂ ಎಂಬ ಇನ್ನೊಂದು ಟ್ಯಾಂಗ್ ಸೇರಿಸುವುದು. ಲಕ್ಷದ್ವೀಪದ ಹವಳದ ದಿಬ್ಬಗಳಲ್ಲೂ ಇರುವ ಮೀನು, ಅಂದಕ್ಕೆ ಸಾಟಿಯಿಲ್ಲ. ಆದರೆ ಮುಂಗೋಪಿ. ಬಾಲದ ಬುಡದ ಮುಳ್ಳು ಚಾಕುವಿನಂತೆ ಸೀಳುತ್ತದೆ. ಬಿಳಿ ಚುಕ್ಕೆ ರೋಗವೂ ಬೇಗ ಅಂಟುತ್ತದೆ. ತರಲೇಬೇಕೆಂದರೆ ಕೊನೆಗೆ ಬಿಡಿ. ಮೊದಲೇ ಬಿಟ್ಟರೆ ಟ್ಯಾಂಕ್ ಪೂರ್ತಿ ತನ್ನದೇ ಅನ್ನುತ್ತದೆ.

ನಾನಾದರೆ ಮೊದಲನೆಯದನ್ನೇ ಆರಿಸುತ್ತೇನೆ. ಒಣ ಪಾಚಿಯ ಹಾಳೆಯನ್ನು ಎರಡು ಮೂಲೆಗೂ ಸಿಕ್ಕಿಸಿ, ಊಟಕ್ಕೆ ತಳ್ಳಾಟ ತಪ್ಪುತ್ತದೆ. ಮಳೆಗಾಲದಲ್ಲಿ ಕಡಲ ನೀರು ಹೊತ್ತು ತರಬೇಡಿ. ಕಾಳಿ ನದಿಯ ನೀರು ಸೇರಿ ಉಪ್ಪು ಇಳಿದಿರುತ್ತದೆ. ಮಳೆಗೆ ಕರೆಂಟೂ ಹೋಗುತ್ತದೆ ಅಲ್ವಾ, ಬ್ಯಾಟರಿ ಏರ್ ಪಂಪ್ ಒಂದು ಮನೆಯಲ್ಲಿರಲಿ.