ಮಲೆನಾಡಿನ ಮಳೆಗಾಲಕ್ಕೆ ಡಿಹ್ಯುಮಿಡಿಫೈಯರ್: ಯಾವುದು ಕೊಳ್ಳಬಹುದು, ಯಾವುದು ಬೇಡ

ಆರಿದ್ರೆ ಮಳೆ ಹಿಡಿದ ಮೇಲೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಮನೆಗಳ ಒಳಗೆ ಏನಾಗುತ್ತದೆಂದು ಯಾರಿಗೂ ಹೇಳಿಕೊಡಬೇಕಿಲ್ಲ. ಬೀರುವಿನಲ್ಲಿಟ್ಟ ಸೀರೆಯ ಮಡಿಕೆಗೆ ಬಿಳಿ ಬೂಸ್ಟು, ಚರ್ಮದ ಬೆಲ್ಟಿಗೆ ಹಸಿರು ಬೂಸ್ಟು, ಉಪ್ಪಿನ ಡಬ್ಬಿಯಲ್ಲಿ ನೀರು, ಹಾಸಿಗೆ ಹೊದಿಕೆಗೆ ಮುಗ್ಗಲು ವಾಸನೆ. ಅದರ ಜೊತೆಗೇ ಬೆಳಗಿನ ಸಾಲು ಸೀನು, ಕಟ್ಟಿದ ಮೂಗು, ರಾತ್ರಿ ಮೂರು ನಾಲ್ಕು ಗಂಟೆಗೆ ಎಬ್ಬಿಸಿ ಕೂರಿಸುವ ಗೂರಲು, ತೊಡೆಸಂದಿಯ ಹುಳುಕಡ್ಡಿ. ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆ 7,000 ಮಿಲಿಮೀಟರ್‌ಗೂ ಹೆಚ್ಚು. ಶಿವಮೊಗ್ಗ ಪೇಟೆಯಲ್ಲಿ ಅದರ ಕಾಲುಭಾಗವೂ ಬೀಳುವುದಿಲ್ಲ. ಹಾಗಾಗಿ ಪೇಟೆಯ ತಾರಸಿ ಮನೆಗೆ ಸರಿಹೋದ ಡಿಹ್ಯುಮಿಡಿಫೈಯರ್, ಅಂದರೆ ಗಾಳಿಯ ತೇವವನ್ನು ನೀರಾಗಿಸಿ ತೆಗೆಯುವ ಯಂತ್ರ, ಘಟ್ಟದಂಚಿನ ಹೆಂಚಿನ ಮನೆಗೆ ಸರಿಹೋಗುತ್ತದೆಂದು ನಂಬಿ ಕೊಂಡರೆ ದುಡ್ಡು ನೀರಿನಲ್ಲಿ ಹೋಮ.

ತೀರ್ಪು ಮೊದಲೇ ಹೇಳಿಬಿಡುತ್ತೇನೆ. ಕಂಪ್ರೆಸರ್ ಇರುವ, ದಿನಕ್ಕೆ 10ರಿಂದ 12 ಲೀಟರ್ ನೀರು ತೆಗೆಯುತ್ತದೆ ಎಂದು ಬರೆದಿರುವ ಯಂತ್ರ ಮಲೆನಾಡಿಗೆ ಕೊಳ್ಳಲು ಯೋಗ್ಯ. ಆದರೆ ಅದು ಒಣಗಿಸುವುದು ಬಾಗಿಲು ಮುಚ್ಚಿದ ಒಂದೇ ಒಂದು ಕೋಣೆಯನ್ನು. ಇಡೀ ಮನೆಯನ್ನಲ್ಲ. ಆನ್‌ಲೈನ್‌ನಲ್ಲಿ ಮೂರರಿಂದ ಆರು ಸಾವಿರಕ್ಕೆ ಸಿಗುವ, ನೋಡಲು ಚಂದದ ಪುಟ್ಟ ಪೆಲ್ಟಿಯರ್ ಯಂತ್ರ (ವಿದ್ಯುತ್ ಹಾಯಿಸಿದರೆ ಒಂದು ಬದಿ ತಣ್ಣಗಾಗುವ ಪುಟ್ಟ ಬಿಲ್ಲೆಯಿಂದ ನಡೆಯುವಂಥದ್ದು) ಕೋಣೆಗಂತೂ ಬೇಡ.

ಒಂದೇ ಕೋಣೆ ಯಾಕೆ ಎನ್ನುವುದಕ್ಕೆ ಲೆಕ್ಕವಿದೆ. ಹತ್ತಡಿ ಅಗಲ, ಹನ್ನೆರಡಡಿ ಉದ್ದ, ಹತ್ತಡಿ ಎತ್ತರದ ಕೋಣೆಯಲ್ಲಿ ಹಿಡಿಯುವ ಗಾಳಿ ಸುಮಾರು 34 ಘನ ಮೀಟರ್. ಹೊರಗೆ 24 ಡಿಗ್ರಿ ಇದ್ದು ತೇವಾಂಶ ಶೇ. 90 ಇದ್ದರೆ, ಅದನ್ನು ಶೇ. 55ಕ್ಕೆ ಇಳಿಸಲು ಆ ಗಾಳಿಯಿಂದ ತೆಗೆಯಬೇಕಾದ ನೀರು ಬರೀ ಕಾಲು ಲೀಟರ್. ಇಷ್ಟೇನಾ ಅನ್ನಿಸಬಹುದು. ಆದರೆ ಆ ಗಾಳಿ ನಿಂತಲ್ಲಿ ನಿಲ್ಲುವುದಿಲ್ಲ. ಬಾಗಿಲ ಸಂದಿ, ಕಿಟಕಿಯ ಸಂದಿಯಿಂದ ಗಂಟೆಗೊಮ್ಮೆ ಪೂರ್ತಿ ಬದಲಾದರೂ ದಿನಕ್ಕೆ 6 ಲೀಟರ್ ಆಯಿತು. ಹೆಂಚಿನ ಕೆಳಗೆ ಮುಚ್ಚಿಗೆ ಇಲ್ಲದ ಮನೆಯಲ್ಲಿ ಗಂಟೆಗೆ ಐದು ಸಲ ಬದಲಾದರೆ ದಿನಕ್ಕೆ 30 ಲೀಟರ್. ಅಲ್ಲಿ ಯಂತ್ರ ಒಣಗಿಸುವುದು ಕೋಣೆಯನ್ನಲ್ಲ, ಆಕಾಶವನ್ನು. ಇದರ ಮೇಲೆ ಇಬ್ಬರು ಮಲಗಿದರೆ ಅವರ ಉಸಿರು, ಬೆವರಿನಿಂದಲೇ ರಾತ್ರಿಗೆ ಅರ್ಧ ಲೀಟರ್‌ಗೂ ಸ್ವಲ್ಪ ಹೆಚ್ಚು ನೀರು ಗಾಳಿಗೆ ಸೇರುತ್ತದೆ. ಹಾಸಿಗೆ, ಗೋಡೆ, ಬಟ್ಟೆ ಹೀರಿಟ್ಟುಕೊಂಡ ನೀರು ಬೇರೆ. ಅದು ಹೊರಬರಲು ಮೂರು ನಾಲ್ಕು ದಿನವಾದರೂ ಬೇಕು. ಮೊದಲ ದಿನ ಮೀಟರ್ ಇಳಿಯಲಿಲ್ಲವೆಂದು ಯಂತ್ರವನ್ನು ದೂರಬೇಡಿ.

ಆದ್ದರಿಂದ ಕೊಳ್ಳುವ ಮೊದಲು ಕೋಣೆ ನೋಡಿಕೊಳ್ಳಿ. ಮೇಲೆ ಮುಚ್ಚಿಗೆ ಅಥವಾ ತಾರಸಿ ಇರಬೇಕು, ಬಾಗಿಲು ಸರಿಯಾಗಿ ಕೂರಬೇಕು, ಕಿಟಕಿಗೆ ಗಾಜು ಇರಬೇಕು. ಗೋಡೆಗೆ ಮಳೆಯ ಎರಚಲು ಹೊಡೆಯುತ್ತಿದ್ದರೆ ಹಿಂದಿನವರು ಕಟ್ಟುತ್ತಿದ್ದ ಸೋಗೆ ತಟ್ಟಿಯೋ ಈಗಿನ ಶೀಟೋ ಮೊದಲು ಕಟ್ಟಿ. ಒಡೆದ ಹೆಂಚು, ತುಂಬಿ ಹರಿಯುವ ಸೂರಿನ ದೋಣಿ ಸರಿಮಾಡದೆ ಯಂತ್ರ ತಂದರೆ ಅದು ಸೋರುವ ನೀರನ್ನೇ ಹೀರುತ್ತಾ ಕೂರುತ್ತದೆ.

ಇನ್ನು ಬಗೆಗಳು. ಅಗ್ಗದ್ದು ಕ್ಯಾಲ್ಸಿಯಂ ಕ್ಲೋರೈಡ್ ಹರಳಿನ ಡಬ್ಬಿ. ಮುಚ್ಚಿದ ಬೀರುವಿಗೆ ಇದು ನಿಜಕ್ಕೂ ಒಳ್ಳೆಯದು, ಕೋಣೆಗೆ ಏನೇನೂ ಸಾಲದು. ಕೆಳಗೆ ಸೇರುವ ದ್ರವ ಬರೀ ನೀರಲ್ಲ, ಗಟ್ಟಿ ಉಪ್ಪುದ್ರಾವಣ. ಜರಿ ಸೀರೆ, ಕಬ್ಬಿಣದ ಬೀರುವಿನ ತಳಕ್ಕೆ ಚೆಲ್ಲಿದರೆ ಕೆಡಿಸುತ್ತದೆ, ಗಿಡದ ಬುಡಕ್ಕೆ ಸುರಿಯಬಾರದು, ಮಕ್ಕಳ ಕೈಗೆ ಸಿಗಬಾರದು.

ಪೆಲ್ಟಿಯರ್ ಯಂತ್ರದಲ್ಲಿ ಕಂಪ್ರೆಸರ್ ಇಲ್ಲ, ಗ್ಯಾಸ್ ಇಲ್ಲ, ಸದ್ದೂ ಅಷ್ಟಿಲ್ಲ. ಮಾರುವವರು ಹೊಗಳುವುದು ಇದನ್ನೇ. ಆದರೆ 60 ವ್ಯಾಟ್‌ನ ಯಂತ್ರ ದಿನವಿಡೀ ಓಡಿ ಅರ್ಧ ಲೀಟರ್ ತೆಗೆದರೆ ಸುಡುವ ವಿದ್ಯುತ್ 1.4 ಯೂನಿಟ್‌ಗೂ ಹೆಚ್ಚು. ಅಂದರೆ ಲೀಟರಿಗೆ ಮೂರು ಯೂನಿಟ್ ಹತ್ತಿರ. 230 ವ್ಯಾಟ್‌ನ, 12 ಲೀಟರಿನ ಕಂಪ್ರೆಸರ್ ಯಂತ್ರಕ್ಕೆ ಲೀಟರಿಗೆ ಅರ್ಧ ಯೂನಿಟ್ ಸಾಕು. ಕೋಣೆಗೆ ಸೋರಿ ಬರುವ ನೀರೇ ದಿನಕ್ಕೆ ಆರು ಲೀಟರ್ ಇರುವಾಗ ಅರ್ಧ ಲೀಟರ್ ತೆಗೆದು ಏನು ಪ್ರಯೋಜನ?

ಡಬ್ಬದ ಮೇಲಿನ ‘12 ಲೀಟರ್’ ಎನ್ನುವುದನ್ನೂ ಹಾಗೇ ನಂಬಬೇಡಿ. ಆ ಸಂಖ್ಯೆ 30 ಡಿಗ್ರಿ ಬಿಸಿ, ಶೇ. 80 ತೇವಾಂಶದಲ್ಲಿ ಅಳೆದದ್ದು. ನಮ್ಮ ಜುಲೈ ತಿಂಗಳ ಕೋಣೆ ಅಷ್ಟು ಬಿಸಿಯಿರುವುದಿಲ್ಲ, ತೇವಾಂಶ ಇಳಿದಂತೆ ಯಂತ್ರ ತೆಗೆಯುವ ನೀರೂ ಇಳಿಯುತ್ತದೆ. ಬರೆದಿದ್ದರ ಅರ್ಧ ಸಿಗುತ್ತದೆಂದು ಎಣಿಸಿಕೊಂಡರೆ ಮೋಸವಾಗದು. ಕೋಣೆಯಲ್ಲೇ ಬಟ್ಟೆಯನ್ನೂ ಒಣಗಿಸಬೇಕೆಂದರೆ 20 ಲೀಟರಿನದ್ದಕ್ಕೆ ಹೋಗಿ. ವಾಷಿಂಗ್ ಮೆಷಿನ್ನಿನಲ್ಲಿ ಹಿಂಡಿ ತೆಗೆದ ಐದು ಕೆಜಿ ಬಟ್ಟೆಯಲ್ಲಿ ಎರಡೂವರೆ ಲೀಟರಿನಷ್ಟು ನೀರು ಉಳಿದಿರುತ್ತದೆ.

ಎಸಿಯ ಡ್ರೈ ಮೋಡ್ ಸಾಲದೇ ಎಂದು ಕೇಳುವವರಿದ್ದಾರೆ. ಏಪ್ರಿಲ್‌ನಲ್ಲಿ ಸಾಕು. ಪುಷ್ಯ ಮಳೆಯಲ್ಲಿ ಮೊದಲೇ ಥಂಡಿಯಿರುವ ಕೋಣೆಯನ್ನು ಅದು ಇನ್ನೂ ತಣ್ಣಗೆ ಮಾಡುತ್ತದೆ. ಡಿಹ್ಯುಮಿಡಿಫೈಯರ್ ತದ್ವಿರುದ್ಧ, ತನ್ನ ಬಿಸಿಯನ್ನು ಕೋಣೆಗೇ ಬಿಡುತ್ತದೆ. ಮಳೆಗಾಲದಲ್ಲಿ ಆ ಬೆಚ್ಚಗೆ ಬೇಕಾದದ್ದೇ. ಕೋಣೆ ಬೆಚ್ಚಗಾಗಲೆಂದು ಕೆಂಡ ತುಂಬಿದ ಬಾಣಲೆ ಇಟ್ಟು ಬಾಗಿಲು ಮುಚ್ಚಿ ಮಲಗುವುದನ್ನು ಮಾತ್ರ ದಯವಿಟ್ಟು ಬಿಟ್ಟುಬಿಡಿ. ಹೊಗೆ ಕಾಣದಿದ್ದರೂ ಕೆಂಡದಿಂದ ಕಾರ್ಬನ್ ಮೋನಾಕ್ಸೈಡ್ ಬರುತ್ತದೆ. ಮಲಗಿದವರು ಏಳದೇ ಹೋಗಬಹುದು.

ಅಂಗಡಿಯಲ್ಲಿ ಮಾಡಲೇಬೇಕಾದ ಪರೀಕ್ಷೆ ಒಂದಿದೆ. ಯಂತ್ರ ಓಡುತ್ತಿರುವಾಗ ಗೋಡೆಯ ಸ್ವಿಚ್ ಆರಿಸಿ, ಐದು ನಿಮಿಷ ಬಿಟ್ಟು ಮತ್ತೆ ಹಾಕಿ. ಹಿಂದಿನ ಸೆಟ್ಟಿಂಗ್‌ನಲ್ಲೇ ತಾನಾಗಿ ಶುರುವಾಗಬೇಕು. ಎಷ್ಟೋ ಮಾದರಿಗಳು ಕರೆಂಟ್ ಬಂದ ಮೇಲೂ ಯಾರಾದರೂ ಬಟನ್ ಒತ್ತಲಿ ಎಂದು ಕಾಯುತ್ತವೆ. ಮಳೆಗಾಲದಲ್ಲಿ ರಾತ್ರಿಗೆ ನಾಲ್ಕು ಸಲ ಕರೆಂಟ್ ಹೋಗುವ ಊರಲ್ಲಿ ಅಂಥದ್ದು ದಂಡ. ಆಮೇಲೆ ಹಿಂಬದಿ ನೋಡಿ: ಪೈಪ್ ಹಾಕಲು ತೂತು ಇದೆಯೇ, ಫಿಲ್ಟರ್ ಸ್ಕ್ರೂ ಬಿಚ್ಚದೆ ಕೈಯಲ್ಲೇ ಹೊರಬರುತ್ತದೆಯೇ? ಶಿವಮೊಗ್ಗದಲ್ಲಿ ಸರ್ವೀಸ್ ಇದೆಯೇ, ಇಲ್ಲದಿದ್ದರೆ ಸಾಗಿಸುವ ಖರ್ಚು ಯಾರದ್ದು ಎನ್ನುವುದನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಒಳಗಿರುವುದು ಚಿಕ್ಕ ಫ್ರಿಡ್ಜ್‌ನ ವ್ಯವಸ್ಥೆಯೇ ಆದ್ದರಿಂದ ವಾರಂಟಿ ಮುಗಿದ ಮೇಲೆ ಒಳ್ಳೆಯ ಫ್ರಿಡ್ಜ್ ಮೆಕ್ಯಾನಿಕ್ ರಿಪೇರಿ ಮಾಡಬಲ್ಲ. ಆದರೆ ಲೇಬಲ್ ಮೇಲೆ ಆರ್‌290 ಎಂದಿದ್ದರೆ ಅದು ಪ್ರೊಪೇನ್, ಬೆಂಕಿ ಹಿಡಿಯುವ ಗ್ಯಾಸ್. ಅದನ್ನು ಪೂರ್ತಿ ಹೊರಬಿಡದೆ ಬೆಸುಗೆಗೆ ಕೈಹಾಕುವವರಿಗೆ ಕೊಡಬೇಡಿ.

ಬಸ್ಸಿನ ಡಿಕ್ಕಿಯಲ್ಲೋ ಪಿಕಪ್‌ನಲ್ಲೋ ಅಡ್ಡ ಮಲಗಿಸಿ ತಂದಿದ್ದರೆ ಮನೆಯಲ್ಲಿ ನೆಟ್ಟಗೆ ನಿಲ್ಲಿಸಿ ಒಂದು ಹಗಲು ಒಂದು ರಾತ್ರಿ ಬಿಟ್ಟು ಶುರುಮಾಡಿ. ಕಂಪ್ರೆಸರ್‌ನ ಎಣ್ಣೆ ಕೊಳವೆಗೆ ಹರಿದಿರುತ್ತದೆ, ಅದು ವಾಪಸ್ ಇಳಿಯಬೇಕು. ಸಂಜೆ ವೋಲ್ಟೇಜ್ 180ಕ್ಕಿಂತ ಕೆಳಗಿಳಿಯುವ ಕಡೆ ಮೂರು ನಿಮಿಷ ತಡೆದು ಕರೆಂಟ್ ಬಿಡುವ ಸ್ಟೆಬಿಲೈಸರ್ ಬೇಕೇ ಬೇಕು. ಕಡಿಮೆ ವೋಲ್ಟೇಜಿನಲ್ಲಿ ಕಂಪ್ರೆಸರ್ ಗುಂಯ್‌ಗುಟ್ಟಿ, ಟಕ್ಕೆಂದು ನಿಂತು, ಮತ್ತೆ ಗುಂಯ್‌ಗುಡುತ್ತದೆ. ಆ ಸದ್ದು ಕೇಳಿದರೆ ಕೂಡಲೇ ಆರಿಸಿ, ಇಲ್ಲದಿದ್ದರೆ ವೈಂಡಿಂಗ್ ಸುಡುತ್ತದೆ.

ಗೋಡೆಯಿಂದ ಒಂದಡಿ ಬಿಟ್ಟು, ಬಾಗಿಲು ಕಿಟಕಿ ಮುಚ್ಚಿ ಇಡಿ. ಶೇ. 55ಕ್ಕೆ ಸೆಟ್ ಮಾಡಿ. ಶೇ. 60ರ ಮೇಲೆ ಬೂಸ್ಟಿಗೆ ಹಬ್ಬ. ಹಾಸಿಗೆಯಲ್ಲಿ ಬೆಳೆಯುವ ದೂಳುಹುಳಗಳು ಶೇ. 50ಕ್ಕಿಂತ ಕೆಳಗೆ ಬದುಕಲು ಒದ್ದಾಡುತ್ತವೆ. ಹಾಗೆಂದು 40ಕ್ಕೆ ಇಟ್ಟರೆ ಯಂತ್ರ ನಿಲ್ಲುವುದೇ ಇಲ್ಲ, ಬೀಟೆ, ಹಲಸಿನ ಹಳೆಯ ಪೆಟ್ಟಿಗೆ ಬಿರುಕು ಬಿಡಬಹುದು. ಹಗಲಲ್ಲಿ ಮಳೆ ಬಿಟ್ಟಾಗ ಹತ್ತು ನಿಮಿಷ ಕಿಟಕಿ ತೆರೆದು ಗಾಳಿ ಬದಲಿಸಿ.

ಯಂತ್ರದ ಪರದೆ ತೋರಿಸುವ ಅಂಕಿಯನ್ನೂ ಪರೀಕ್ಷಿಸಬೇಕು. ಐನೂರು ರೂಪಾಯಿ ಒಳಗಿನ ಡಿಜಿಟಲ್ ತೇವಾಂಶ ಮೀಟರ್ ತನ್ನಿ. ಬಾಟಲಿಯ ಮುಚ್ಚಳದಲ್ಲಿ ಅಡುಗೆ ಉಪ್ಪು ತುಂಬಿ, ಹನಿ ಹನಿ ನೀರು ಹಾಕಿ. ಉಪ್ಪು ಕರಗಬಾರದು, ಒದ್ದೆ ಮರಳಿನಂತೆ ಆಗಬೇಕು. ಮುಚ್ಚಳ ಮತ್ತು ಮೀಟರ್ ಎರಡನ್ನೂ ಜಿಪ್ ಚೀಲದೊಳಗಿಟ್ಟು ಗಾಳಿಯಾಡದಂತೆ ಮುಚ್ಚಿ ಹನ್ನೆರಡು ಗಂಟೆ ಬಿಡಿ. ಒಳಗಿನ ತೇವಾಂಶ ಶೇ. 75ಕ್ಕೆ ಬಂದು ನಿಲ್ಲುತ್ತದೆ. ಮೀಟರ್ 80 ತೋರಿಸಿದರೆ ಯಾವಾಗಲೂ 5 ಕಳೆದು ಓದಿ. ಮಂಚದ ತಲೆಭಾಗದ ಹತ್ತಿರ, ಯಂತ್ರದಿಂದ ದೂರ ಇಟ್ಟು ಅದನ್ನೇ ನಂಬಿ.

ಟ್ಯಾಂಕಿಗಿಂತ ಪೈಪ್ ಲೇಸು. ಎರಡು ಮೂರು ಲೀಟರಿನ ಟ್ಯಾಂಕ್ ನಡುರಾತ್ರಿ ತುಂಬಿ ಯಂತ್ರ ನಿಂತುಬಿಡುತ್ತದೆ. ಪೈಪ್ ಉದ್ದಕ್ಕೂ ಇಳಿಜಾರು ಇರಲಿ, ನಡುವೆ ಎಲ್ಲೂ ಮೇಲೆದ್ದು ಸುತ್ತಿಕೊಳ್ಳಬಾರದು, ತುದಿ ಬಕೆಟ್ಟಿನ ನೀರಿನಲ್ಲಿ ಮುಳುಗಬಾರದು. ಮುಳುಗಿದರೆ ನೀರು ಹಿಂದೆ ನಿಂತು ಯಂತ್ರದ ಬುಡದಿಂದ ಸೋರುತ್ತದೆ. ಒಳಗೆ ಲೋಳೆ ಕಟ್ಟುತ್ತದೆ, ತಿಂಗಳಿಗೊಮ್ಮೆ ಪೈಪ್ ಬಿಚ್ಚಿ ಬಿಸಿನೀರು ಹಾಯಿಸಿ. ಈ ನೀರು ಕುಡಿಯಲು ಬೇಡ. ಇನ್ವರ್ಟರ್ ಬ್ಯಾಟರಿಗೂ ಬೇಡ, ನೋಡಲು ತಿಳಿಯಾಗಿದ್ದರೂ ಅದರಲ್ಲಿ ದೂಳು, ಕೊಳವೆಯ ಲೋಹದ ಅಂಶ ಇರುತ್ತದೆ. ಹೂಗಿಡಕ್ಕೆ ಹಾಕಿ.

ಕೆಡುವುದು ಹೆಚ್ಚಾಗಿ ಸಣ್ಣ ಕಾರಣಕ್ಕೆ. ಟ್ಯಾಂಕ್ ಖಾಲಿಯಿದ್ದೂ ತುಂಬಿದ ದೀಪ ಉರಿದರೆ ಒಳಗಿನ ತೇಲುವ ಬಿರಡೆ ಲೋಳೆಗೆ ಅಂಟಿದೆ, ತೊಳೆದರೆ ಸಾಕು. ಕಾಯಿಲ್ ಮೇಲೆ ಮಂಜು ಕಟ್ಟಿದರೆ ಮೊದಲು ಫಿಲ್ಟರ್ ನೋಡಿ, ಹದಿನೈದು ದಿನಕ್ಕೊಮ್ಮೆ ತೊಳೆದು ನೆರಳಲ್ಲಿ ಒಣಗಿಸಬೇಕು. ಫ್ಯಾನ್ ತಿರುಗಿದರೂ ಬರುವ ಗಾಳಿ ಬೆಚ್ಚಗಿಲ್ಲ, ನೀರೂ ಬೀಳುತ್ತಿಲ್ಲ ಎಂದರೆ ಕಂಪ್ರೆಸರ್ ಓಡುತ್ತಿಲ್ಲ, ಇಲ್ಲವೇ ಗ್ಯಾಸ್ ಹೋಗಿದೆ. ಬೆಚ್ಚಗಿರುವ ಸರ್ಕ್ಯೂಟ್ ಬೋರ್ಡಿನ ಮೇಲೆ ಹಲ್ಲಿ, ಇರುವೆ ಸೇರಿ ಶಾರ್ಟ್ ಆಗುವುದು ನಮ್ಮ ಕಡೆ ಮಾಮೂಲು. ಗಾಳಿ ತೂತಿಗೆ ಸಣ್ಣ ಕಣ್ಣಿನ ಜಾಲರಿ ಹಾಕಬೇಡಿ, ಗಾಳಿ ಕಟ್ಟಿಹೋಗುತ್ತದೆ. ಯಂತ್ರವನ್ನು ಸಣ್ಣ ಸ್ಟೂಲಿನ ಮೇಲಿಟ್ಟು ಸುತ್ತಲೂ ಚೊಕ್ಕಟವಾಗಿಡುವುದೇ ದಾರಿ.

ಆರೋಗ್ಯದ ವಿಷಯದಲ್ಲಿ ನೇರವಾಗಿ ಹೇಳಬೇಕು: ಯಂತ್ರ ಔಷಧಿಯಲ್ಲ. ಕೋಣೆ ಒಣಗಿತೆಂದು ಗೂರಲಿನವರು ಇನ್ಹೇಲರ್ ನಿಲ್ಲಿಸಬಾರದು. ಮೂಗು, ಸೀನಿನ ತೊಂದರೆ ಇದ್ದವರು ಹೊದಿಕೆ, ದಿಂಬಿನ ಚೀಲವನ್ನು ವಾರಕ್ಕೊಮ್ಮೆ 60 ಡಿಗ್ರಿ ಬಿಸಿನೀರಿನಲ್ಲಿ ಒಗೆಯಬೇಕು. ಬಚ್ಚಲ ಹಂಡೆಯ ನೀರು ಕೈ ಇಡಲಾಗದಷ್ಟಾದರೂ ಕಾದಿರಬೇಕು. ಅದರ ಜೊತೆ ಕೋಣೆಯೂ ಒಣಗಿದರೆ ಫಲ ಸಿಗುತ್ತದೆ. ಬಚ್ಚಲೊಲೆಯ ಮೇಲೆ ಒಣಗಿಸಿದ ಬಟ್ಟೆಗೆ ಅಂಟಿದ ಹೊಗೆ ಕೂಡ ಗೂರಲು ಕೆರಳಿಸುತ್ತದೆ, ಹಾಗಾಗಿ ರೋಗಿಯ ಬಟ್ಟೆ ಈ ಕೋಣೆಯಲ್ಲೇ ಒಣಗಲಿ. ಒಂದು ವಾಕ್ಯ ಪೂರ್ತಿ ಹೇಳಲಾಗದಷ್ಟು ಏದುಸಿರು, ತುಟಿ ನೀಲಿಯಾಗುವುದು, ಮಗುವಿನ ಪಕ್ಕೆ ಒಳಕ್ಕೆ ಸೆಳೆಯುವುದು, ಸೇದಿದ ಇನ್ಹೇಲರ್ ನಾಲ್ಕು ಗಂಟೆಯೂ ತಾಳದಿರುವುದು ಕಂಡರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೊರಡಿ. ಮರ ಬಿದ್ದು ರಸ್ತೆ ಕಟ್ಟುವ ಕಾಲ, ಬೇಗ ಹೊರಟಷ್ಟು ಒಳ್ಳೆಯದು.

ಹುಳುಕಡ್ಡಿಗೆ ಪೂರ್ತಿ ಒಣಗಿದ ಒಳಉಡುಪೇ ಅರ್ಧ ಔಷಧಿ. ಉಳಿದ ಅರ್ಧಕ್ಕೆ ಬರೀ ಕ್ಲೋಟ್ರಿಮಜೋಲ್ ಇರುವ ಮುಲಾಮು ದಿನಕ್ಕೆ ಎರಡು ಸಲ, ಕಲೆಯ ಅಂಚಿನಿಂದ ಎರಡು ಸೆಂಟಿಮೀಟರ್ ಆಚೆಗೂ ಹಚ್ಚಿ, ಕಲೆ ಮಾಯವಾದ ಮೇಲೂ ಎರಡು ವಾರ ಮುಂದುವರಿಸಿ. ಟ್ಯೂಬಿನ ಮೇಲೆ ಕ್ಲೋಬೆಟಾಸಾಲ್, ಬೆಟಾಮೆಥಾಸೋನ್ ಎಂಬ ಹೆಸರಿದ್ದರೆ ಮುಟ್ಟಬೇಡಿ. ಅವು ಸ್ಟೀರಾಯ್ಡ್. ಎರಡೇ ದಿನದಲ್ಲಿ ತುರಿಕೆ ನಿಲ್ಲಿಸಿ, ಒಳಗೊಳಗೇ ಹುಳುಕಡ್ಡಿಯನ್ನು ಹಬ್ಬಿಸುತ್ತವೆ. ಮೂರು ವಾರದಲ್ಲಿ ಗುಣವಾಗದಿದ್ದರೆ ಚರ್ಮದ ಡಾಕ್ಟರಿಗೆ ತೋರಿಸಿ.

ಖರ್ಚಿನ ಮಾತು. ದಿನಕ್ಕೆ ಎಂಟು ಗಂಟೆ ಓಡಿಸಿದರೆ ಎರಡು ಯೂನಿಟ್, ತಿಂಗಳಿಗೆ 60. ಗೃಹಜ್ಯೋತಿಯಲ್ಲಿ ಮನೆಗೆ ಸಿಗುವ ಯೂನಿಟ್ ಹಳೆಯ ಬಳಕೆಯ ಸರಾಸರಿಯ ಮೇಲೆ ನಿಂತಿರುವುದರಿಂದ ಈ ಹೊಸ 60ಕ್ಕೆ ಮೆಸ್ಕಾಂ ಬಿಲ್ ಬರುತ್ತದೆಂದೇ ಎಣಿಸಿ. ಒಟ್ಟು ಬಳಕೆ 200 ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಮಲಗುವ ಎರಡು ಗಂಟೆ ಮೊದಲೇ ಶುರುಮಾಡಿದರೆ ಸದ್ದಿನ ಕಾಟವೂ ಕಡಿಮೆ, ಓಡುವ ಹೊತ್ತೂ ಕಡಿಮೆ.

ಮಳೆ ಹೊಳವಾಗಿ ಬಿಸಿಲು ನೆಲೆನಿಂತ ಮೇಲೆ ಯಂತ್ರವನ್ನು ಒದ್ದೆಯಾಗಿ ಎತ್ತಿಡಬೇಡಿ. ಟ್ಯಾಂಕ್ ತೊಳೆದು ಬಿಸಿಲಿಗಿಟ್ಟು, ಬರೀ ಫ್ಯಾನ್ ಮೋಡ್‌ನಲ್ಲಿ ಮೂರು ಗಂಟೆ ಓಡಿಸಿ ಕಾಯಿಲ್ ಒಣಗಿಸಿ, ಹಳೆಯ ಪಂಚೆ ಹೊದಿಸಿ ನೆಟ್ಟಗೆ ನಿಲ್ಲಿಸಿ. ಪ್ಲಾಸ್ಟಿಕ್ ಸುತ್ತಿದರೆ ಒಳಗೇ ಬೂಸ್ಟು ಹಿಡಿದು, ಮುಂದಿನ ಮಳೆಗಾಲದ ಮೊದಲ ರಾತ್ರಿ ಅದೇ ಬೂಸ್ಟನ್ನು ಕೋಣೆಗೆ ಊದುತ್ತದೆ.