ಗಣಿತದ ತುಂಡುಗಳು: 12 × 13ರಿಂದ ಬೀಜಗಣಿತದವರೆಗೆ, ದೀರ್ಘ ಬಳಕೆಯ ನಂತರ

ಬೆಟಗೇರಿಯ ನಮ್ಮ ಮನೆಯ ಪಡಸಾಲೆಯಲ್ಲಿ ಸಂಜೆ ಓಣಿಯ ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಐದನೇ ತರಗತಿಯವರೂ ಬರುತ್ತಾರೆ, ಹತ್ತನೆಯವರೂ ಬರುತ್ತಾರೆ. ಎರಡು ಸಾಮಾನುಗಳು ವರ್ಷಗಳಿಂದ ಬಳಕೆಯಲ್ಲಿವೆ: ಬಿಡಿ–ಹತ್ತು–ನೂರರ ಮರದ ತುಂಡುಗಳು, ಬೀಜಗಣಿತಕ್ಕೆಂದು ಮಾರುವ ಬಣ್ಣದ ಚಪ್ಪಟೆ ತುಂಡುಗಳು. ಕೊಳ್ಳುವವರು ಎರಡನ್ನೂ ಕೊಳ್ಳಿ. ಒಂದನ್ನೇ ಕೊಂಡರೆ ಮುಖ್ಯವಾದದ್ದು ತಪ್ಪಿಹೋಗುತ್ತದೆ.

ಮರದ ತುಂಡುಗಳ ಕೆಲಸ ಸರಳ. 402ರಲ್ಲಿ 178 ಕಳೆಯುವಾಗ ನಡುವಿನ ಸೊನ್ನೆಯ ಹತ್ತಿರ ಮಕ್ಕಳು ತಡವರಿಸುತ್ತಾರೆ. ಒಂದು ನೂರರ ಹಲಗೆ ಕೊಟ್ಟು ಹತ್ತು ಕೋಲು, ಅದರಲ್ಲೊಂದು ಕೋಲು ಕೊಟ್ಟು ಹತ್ತು ಬಿಡಿ ತೆಗೆದುಕೊಂಡರೆ ಮೂರು ನೂರು, ಒಂಬತ್ತು ಹತ್ತು, ಹನ್ನೆರಡು ಬಿಡಿ ಕಣ್ಣೆದುರಿಗೇ ಇರುತ್ತವೆ. ‘ಸೊನ್ನಿ ಒಂಬತ್ತು ಹೆಂಗಾತ್ರಿ ಅಕ್ಕೋರ?’ ಎನ್ನುವ ಪ್ರಶ್ನೆಗೆ ಬಾಯಿಮಾತಿನ ಉತ್ತರ ಬೇಕಾಗುವುದಿಲ್ಲ.

ಇವುಗಳ ನಿಜವಾದ ಬೆಲೆ ಗೊತ್ತಾಗುವುದು ಗುಣಾಕಾರದಲ್ಲಿ. 12 × 13ನ್ನು ಆಯತವಾಗಿ ಜೋಡಿಸಿ: ಮೂಲೆಯಲ್ಲಿ ನೂರರ ಒಂದು ಹಲಗೆ, ಒಂದು ಬದಿಗೆ ಮೂರು ಕೋಲು, ಇನ್ನೊಂದು ಬದಿಗೆ ಎರಡು, ಉಳಿದ ಮೂಲೆಯಲ್ಲಿ ಆರು ಬಿಡಿ. ಒಟ್ಟು 156. ಈಗ ಹತ್ತರ ಜಾಗದಲ್ಲಿ ಎಕ್ಸ್ ಇಟ್ಟು (ಎಕ್ಸ್ + 2)(ಎಕ್ಸ್ + 3)ನ್ನು ಬಣ್ಣದ ತುಂಡುಗಳಿಂದ ಜೋಡಿಸಿದರೆ ಅದೇ ಆಯತ: ಒಂದು ದೊಡ್ಡ ಚೌಕ, ಐದು ಕೋಲು, ಆರು ಚಿಕ್ಕ ಚೌಕ. ಎಕ್ಸ್² + 5ಎಕ್ಸ್ + 6. ಎಂಟನೇ ತರಗತಿಯಲ್ಲಿ ಬೀಜೋಕ್ತಿಗಳ ಗುಣಾಕಾರವನ್ನು ಹೊಸ ಸೂತ್ರವೆಂದು ಬಾಯಿಪಾಠ ಮಾಡುವ ಮಕ್ಕಳಿಗೆ, ತಾವು ಐದನೆಯಲ್ಲೇ ಮಾಡಿದ ಲೆಕ್ಕವಿದು ಎಂದು ತಿಳಿಯುವುದು ದೊಡ್ಡ ಸಂಗತಿ. ಅಪವರ್ತನವೂ ಇಲ್ಲೇ ಇದೆ: ಇವೇ ತುಂಡುಗಳನ್ನು ರಾಶಿ ಹಾಕಿ, ಆಯತ ಮಾಡಲು ಹೇಳಿದರಾಯಿತು.

ಆದರೆ ಅಗ್ಗದ ಸೆಟ್ಟುಗಳಲ್ಲಿ ಒಂದು ಗಂಭೀರ ದೋಷವಿದೆ. ನಾನು ಮೊದಲು ತಂದದ್ದರಲ್ಲಿ ಎಕ್ಸ್ ಕೋಲಿನ ಉದ್ದ ಸರಿಯಾಗಿ ಐದು ಬಿಡಿಗಳಷ್ಟಿತ್ತು. ಆರನೇ ತರಗತಿಯ ಹುಡುಗಿ ಬಿಡಿಗಳನ್ನು ಸಾಲಾಗಿ ಇಟ್ಟು, ‘ಅಕ್ಕೋರ, ಎಕ್ಸ್ ಅಂದ್ರ ಐದರಿ’ ಅಂದಳು. ಅವಳು ನೋಡಿದ್ದು ಸರಿಯೇ, ಮಾಡಿದವರದೇ ತಪ್ಪು. ಎಕ್ಸ್ ಯಾವ ಬೆಲೆಯನ್ನಾದರೂ ತಾಳಬೇಕಾದರೆ ಕೋಲು ಬಿಡಿಗಳ ಅಳತೆಗೆ ಕೂಡಬಾರದು. ಆ ಸೆಟ್ಟನ್ನು ಬದಿಗಿಟ್ಟು ಫೋಮ್ ಹಾಳೆಯಲ್ಲಿ ನಾನೇ ಕತ್ತರಿಸಿದೆ: ಬಿಡಿ 2 ಸೆಂ.ಮೀ. ಚೌಕ, ಕೋಲು 2ಕ್ಕೆ 11.3, ದೊಡ್ಡ ಚೌಕದ ಬಾಹು 11.3. ಇವತ್ತಿಗೂ ಅವೇ ನಡೆಯುತ್ತಿವೆ. ಕೊಳ್ಳುವ ಮುಂಚೆ ಅಂಗಡಿಯಲ್ಲೇ ಜೋಡಿಸಿ ನೋಡಿ.

ಋಣ ಸಂಖ್ಯೆಗಳಿಗೆಂದು ಬಣ್ಣದ ತುಂಡುಗಳಿಗೆ ಕೆಂಪು ಬದಿ ಇರುತ್ತದೆ. ಒಂದು ನೀಲಿ, ಒಂದು ಕೆಂಪು ಸೇರಿದರೆ ಸೊನ್ನೆ. ಬ್ರಹ್ಮಗುಪ್ತ 628ರಲ್ಲೇ ಧನ–ಋಣಗಳ ನಿಯಮಗಳನ್ನು ಬರೆದಿಟ್ಟಿದ್ದಾನೆ. ಕಿರಾಣಿ ಅಂಗಡಿಯ ಉದ್ರಿ ಲೆಕ್ಕ ಗೊತ್ತಿರುವ ನಮ್ಮ ಮಕ್ಕಳಿಗೆ ಕೂಡುವುದು ಕಳೆಯುವುದು ಬೇಗ ಹತ್ತುತ್ತದೆ. (−2) × (−3) ಮಾತ್ರ ತುಂಡುಗಳಿಂದ ಮನವರಿಕೆಯಾಗುವುದಿಲ್ಲ. ಅಲ್ಲಿ ಪಾಟಿಯೇ ಮೇಲು: 2 × (−3) = −6, 1 × (−3) = −3, 0 × (−3) = 0, ಪ್ರತಿ ಸಲ ಮೂರು ಏರುತ್ತ ಬಂದದ್ದು ಮುಂದೆಯೂ ಏರಬೇಕು, ಹಾಗಾಗಿ (−1) × (−3) = 3, (−2) × (−3) = 6. ಭಿನ್ನರಾಶಿಗೂ ಇವು ಸಾಲವು, ಕಾಗದದ ಪಟ್ಟಿ ಮಡಚಿ ತೋರಿಸುತ್ತೇನೆ.

ಮರದವು ಇನ್ನೂ ಗಟ್ಟಿಯಾಗಿವೆ, ಬಿಡಿಗಳಷ್ಟೇ ಕಳೆದುಹೋಗುತ್ತವೆ. ಫೋಮಿನ ಅಂಚು ಸವೆದರೆ ಹೊಸದು ಕತ್ತರಿಸುವುದು ಕಷ್ಟವಲ್ಲ.

ಒಂಬತ್ತನೇ ತರಗತಿಗೆ ಇವನ್ನು ಕಟ್ಟಿಡಬೇಡಿ. ಹತ್ತನೆಯಲ್ಲಿ ಎಕ್ಸ್² + 6ಎಕ್ಸ್ ಬಂದಾಗ ದೊಡ್ಡ ಚೌಕದ ಎರಡು ಬದಿಗೆ ಮೂರು ಮೂರು ಕೋಲು ಇಡಿಸಿ. ಮೂಲೆಯಲ್ಲಿ ಒಂಬತ್ತು ಬಿಡಿಗಳ ಜಾಗ ಖಾಲಿ ಉಳಿಯುತ್ತದೆ. ವರ್ಗ ಪೂರ್ಣಗೊಳಿಸಲು ಕೂಡಿಸುವ 9 ಎಲ್ಲಿಂದ ಬಂತೆಂದು ಮಕ್ಕಳೇ ಹೇಳುತ್ತಾರೆ.