ಸರ್ಕಾರಿ ಬಸ್ಸೋ ಖಾಸಗಿಯೋ: ನನಗೆ ಬೇಕಾದದ್ದು ರಾತ್ರಿಯ ಟ್ರಿಪ್

ಒಂದು ವರ್ಷ ಸರ್ಕಾರಿ ಬಸ್ಸಿನ ಪಾಸ್, ಆಮೇಲೆ ಆರು ತಿಂಗಳು ಖಾಸಗಿ ಕಂಪನಿಯ ಪಾಸ್ ಇಟ್ಟುಕೊಂಡು ಒಂದೇ ಮಾರ್ಗದಲ್ಲಿ ಓಡಾಡಿದ್ದೇನೆ. ಈಗ ಮತ್ತೆ ಸರ್ಕಾರಿ ಪಾಸ್ ಮಾಡಿಸಿದ್ದೇನೆ. ಇನ್ನು ಬದಲಿಸುವುದಿಲ್ಲ.

ಖಾಸಗಿ ಬಸ್ಸಿನಲ್ಲಿ ಸೀಟು ಮೆತ್ತಗೆ, ಬೆಳಗಿನ ಹೊತ್ತು ಒಂದರ ಹಿಂದೊಂದು ಬರುತ್ತದೆ. ಸರ್ಕಾರಿ ಬಸ್ಸಿನ ಕಿಟಕಿಗಳು ದಾರಿಯುದ್ದಕ್ಕೂ ಗಡಗಡ ಅಲ್ಲಾಡುತ್ತವೆ. ಈ ಮಾತು ಇಷ್ಟಕ್ಕೆ ಸಾಕು.

ನನ್ನದು ಪಾಳಿ ಕೆಲಸ, ಮುಗಿಯುವುದು ರಾತ್ರಿ ಹತ್ತಕ್ಕೆ. ಖಾಸಗಿ ಪಾಸ್ ಕೊಂಡಾಗ ಹತ್ತೂವರೆಯ ಬಸ್ ವೇಳಾಪಟ್ಟಿಯಲ್ಲಿತ್ತು. ಮೂರನೆಯ ತಿಂಗಳು, ಒಂದು ರಾತ್ರಿ ನಿಲ್ದಾಣದ ಕಂಬಕ್ಕೆ ಒಂದು ಹಾಳೆ ಅಂಟಿಸಿತ್ತು. ಮಳೆಗೆ ಶಾಯಿ ಇಳಿದಿದ್ದರೂ ಓದಲು ಬರುತ್ತಿತ್ತು: ಒಂಬತ್ತರ ನಂತರದ ಟ್ರಿಪ್‌ಗಳು ರದ್ದು. ಹಿಂದೆಯೇ ಬಂದ ಸರ್ಕಾರಿ ಬಸ್ಸಿನಲ್ಲಿ ನನ್ನ ಪಾಸ್ ನಡೆಯುವುದಿಲ್ಲ. ಜೇಬಿನಲ್ಲಿ ಪಾಸ್ ಇಟ್ಟುಕೊಂಡೇ ಉಳಿದ ಮೂರು ತಿಂಗಳೂ ಪ್ರತಿ ರಾತ್ರಿ ಟಿಕೆಟ್ ಕೊಂಡೆ.

ಕಂಪನಿಯ ಕಚೇರಿಯಲ್ಲಿ ಕೇಳಿದರೆ, ಆ ಟ್ರಿಪ್‌ನಲ್ಲಿ ಡೀಸೆಲ್ ಖರ್ಚೂ ಹುಟ್ಟುವುದಿಲ್ಲ ಎಂದರು. ಸುಳ್ಳಲ್ಲ, ರಾತ್ರಿ ನಾವಿದ್ದದ್ದು ಏಳೆಂಟು ಜನ. ಆದರೆ ಆ ಏಳೆಂಟು ಜನರೇ ಮಧ್ಯಾಹ್ನ ಅದೇ ಕಂಪನಿಯ ಬಸ್ಸಿನಲ್ಲಿ ಕೆಲಸಕ್ಕೆ ಹೋದವರು. ಮರಳುವ ಬಸ್ ಇಲ್ಲವೆಂದರೆ ಹೋಗುವ ಬಸ್ಸೂ ನಮ್ಮ ಪಾಲಿಗೆ ಇಲ್ಲದಂತೆಯೇ. ಪ್ರತಿ ಟ್ರಿಪ್ಪೂ ತನ್ನ ಖರ್ಚನ್ನು ತಾನೇ ದುಡಿಯಬೇಕು ಎಂದು ಹೊರಟರೆ ಮೊದಲು ಕಳಚುವುದು ಇಂಥ ಕೊಂಡಿಗಳೇ.

ಸರ್ಕಾರಿ ಬಸ್ಸೂ ಒಮ್ಮೆ ರಾತ್ರಿಯ ಟ್ರಿಪ್ ನಿಲ್ಲಿಸಿತ್ತು. ಸಹಿ ಹಾಕಿದ ಅರ್ಜಿ ಹಿಡಿದು ನಾವು ಆರಿಸಿ ಕಳಿಸಿದ ಸದಸ್ಯರ ಬಾಗಿಲಿಗೆ ಹೋದೆವು. ಒಂದು ತಿಂಗಳು ಅಲೆದಾಡಿಸಿದರು, ಆದರೆ ಬಸ್ ಮರಳಿತು. ಕಂಪನಿಯ ವಿಷಯದಲ್ಲಿ ಹೋಗಿ ತಟ್ಟಲು ಅಂಥ ಬಾಗಿಲೇ ಇರಲಿಲ್ಲ.

ಬ್ರಿಟನ್ ಇದನ್ನು ದೊಡ್ಡದಾಗಿಯೇ ಪರೀಕ್ಷಿಸಿತು. 1986ರಲ್ಲಿ ಲಂಡನ್ ಹೊರತುಪಡಿಸಿ ಉಳಿದೆಡೆ ಬಸ್ ಸೇವೆಯನ್ನು ಪೈಪೋಟಿಗೆ ಬಿಟ್ಟಿತು. ಲಾಭದ ಮಾರ್ಗಗಳನ್ನು ಕಂಪನಿಗಳು ಆಯ್ದುಕೊಂಡವು, ಅವು ಬಿಟ್ಟ ಮಾರ್ಗಗಳಲ್ಲಿ ಬಸ್ ಬೇಕೆಂದರೆ ಸ್ಥಳೀಯ ಆಡಳಿತ ಹಣ ಕೊಡಬೇಕಾಯಿತು. ಗ್ರೇಟರ್ ಮ್ಯಾಂಚೆಸ್ಟರ್ 2023ರ ಸೆಪ್ಟೆಂಬರ್‌ನಿಂದ 2025ರ ಜನವರಿಯೊಳಗೆ ಮಾರ್ಗ, ದರ, ವೇಳಾಪಟ್ಟಿ ಮೂರನ್ನೂ ಮತ್ತೆ ತನ್ನ ಹಿಡಿತಕ್ಕೆ ತಂದುಕೊಂಡಿತು. ಓಡಿಸುವವರು ಈಗಲೂ ಖಾಸಗಿಯವರೇ, ಗುತ್ತಿಗೆಯ ಮೇಲೆ. ಈ ಏರ್ಪಾಟಿಗೆ ನನ್ನ ತಕರಾರಿಲ್ಲ. ಯಾವ ಬಸ್ ಎಷ್ಟು ಹೊತ್ತಿಗೆ ಎಂಬುದನ್ನು ಮಾತ್ರ ಜನರಿಗೆ ಉತ್ತರ ಕೊಡಬೇಕಾದವರು ತೀರ್ಮಾನಿಸಲಿ.

ಜಪಾನ್ 1987ರಲ್ಲಿ ರೈಲ್ವೆಯನ್ನು ಒಡೆದು ಖಾಸಗೀಕರಣಕ್ಕೆ ಹೊರಟಿತಲ್ಲ ಎನ್ನುವವರಿದ್ದಾರೆ. ಟೋಕಿಯೋ ಸುತ್ತ ಅದು ಗೆದ್ದದ್ದು ನಿಜ. ಜನ ವಿರಳವಾದ ಹೊಕ್ಕೈಡೋದಲ್ಲಿ ಮಾರ್ಗಗಳೇ ಮುಚ್ಚಿದವು, ಅಲ್ಲಿನ ರೈಲು ಕಂಪನಿ ಸರ್ಕಾರದ ಆಸರೆಯಲ್ಲೇ ಉಳಿದಿದೆ.

ಎರಡೆರಡು ಪಾಸ್ ಕೊಳ್ಳುವ ಶಕ್ತಿ ನನಗಿಲ್ಲ, ಸ್ವಂತ ವಾಹನವೂ ಇಲ್ಲ. ಹೋಗುವಾಗ ನೂಕುನುಗ್ಗಲಿನಲ್ಲಿ ನಿಂತೇ ಹೋಗುತ್ತೇನೆ. ರಾತ್ರಿ ಹತ್ತೂಮುಕ್ಕಾಲಿಗೆ ಆ ಗಡಗಡ ಕಿಟಕಿಯ ಬಸ್ ತಿರುವಿನಲ್ಲಿ ದೀಪ ಬೆಳಗುತ್ತಾ ಬರುತ್ತದೆ, ನಾನು ಕೈ ಎತ್ತುತ್ತೇನೆ.